ವೃದ್ಧಾಪ್ಯದ ಉಳಿತಾಯವು ಪರಿಗ್ರಹವೇ?

ಭಾದ್ರಪದದ ದಶಲಕ್ಷಣ ಪರ್ವದಲ್ಲಿ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯದ ಪ್ರವಚನವಾಗುತ್ತದೆ. ‘ನನ್ನದೆಂಬುದು ಏನೂ ಇಲ್ಲ’ ಎಂಬ ಭಾವವನ್ನು ತ್ಯಾಗಿಗಳು ಮನಮುಟ್ಟುವಂತೆ ವಿವರಿಸುತ್ತಾರೆ, ಶ್ರಾವಕರು ತಲೆದೂಗುತ್ತಾರೆ. ಪರ್ವ ಮುಗಿದ ಬಳಿಕ ಅದೇ ಶ್ರಾವಕನು ಬ್ಯಾಂಕಿಗೆ ಹೋಗಿ ಅವಧಿ ಮುಗಿದ ಠೇವಣಿಯನ್ನು ಇನ್ನೈದು ವರ್ಷಕ್ಕೆ ನವೀಕರಿಸಿ ಬರುತ್ತಾನೆ. ಈ ಎರಡು ನಡೆಗಳಲ್ಲಿ ವಿರೋಧವಿದೆಯೇ? ವೃದ್ಧಾಪ್ಯಕ್ಕೆಂದು ಕೂಡಿಡುವುದು ಪರಿಗ್ರಹವೇ, ಅಲ್ಲವೇ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಉತ್ತರಗಳು ಕೇಳಿಬರುತ್ತವೆ. ಕೂಡಿಟ್ಟದ್ದೆಲ್ಲವೂ ಪರಿಗ್ರಹವೇ, ಗೃಹಸ್ಥನು ಅದನ್ನು ದೋಷವೆಂದು ಒಪ್ಪಿಕೊಂಡು ಬಾಳಬೇಕು ಎಂಬುದು ಒಂದು. ಅಪರಿಗ್ರಹವು ಮುನಿಗಳಿಗೆ ಮಾತ್ರ, ಸಂಸಾರಿಗೆ ಅದರ ಗೊಡವೆಯಿಲ್ಲ ಎಂಬುದು ಇನ್ನೊಂದು. ಮೊದಲನೆಯದು ಶ್ರಾವಕನನ್ನು ಸದಾ ಅಪರಾಧಿಯನ್ನಾಗಿಸುತ್ತದೆ; ಎರಡನೆಯದು ಅವನನ್ನು ಸದಾ ನಿರಪರಾಧಿಯನ್ನಾಗಿಸುತ್ತದೆ. ಎರಡರಲ್ಲಿಯೂ ವಿಚಾರಕ್ಕೆ ಎಡೆಯಿಲ್ಲ. ಆಚಾರ್ಯರು ತೋರಿದ ದಾರಿ ಬೇರೆ.

ಮೂರ್ಛೆ ಮತ್ತು ಮಿತಿ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಪರಿಗ್ರಹವನ್ನು ‘ಮೂರ್ಛೆ’ ಎಂಬ ಒಂದೇ ಪದದಿಂದ ನಿರ್ವಚಿಸಿದ್ದಾರೆ. ಪರಿಗ್ರಹವಿರುವುದು ವಸ್ತುವಿನಲ್ಲಲ್ಲ, ವಸ್ತುವಿನ ಮೇಲಿನ ಮಮತೆಯಲ್ಲಿ. ಆದರೆ ಈ ನಿರ್ವಚನವನ್ನು ತಮ್ಮ ಅನುಕೂಲಕ್ಕೆ ತಿರುಗಿಸಿಕೊಳ್ಳುವವರೂ ಉಂಟು. ‘ಹತ್ತು ಮನೆಗಳಿವೆ, ಆದರೆ ಮಮತೆಯಿಲ್ಲ’ ಎಂದು ಹೇಳಲು ಖರ್ಚೇನೂ ಇಲ್ಲ. ಆದಕಾರಣವೇ ಗೃಹಸ್ಥನಿಗೆ ಒಳಗಿನ ಭಾವದ ಜೊತೆಗೆ ಹೊರಗಿನ ಅಳತೆಯನ್ನೂ ವಿಧಿಸಲಾಯಿತು. ಅದೇ ಪರಿಗ್ರಹ ಪರಿಮಾಣ ಅಣುವ್ರತ. ಕ್ಷೇತ್ರ, ವಾಸ್ತು, ಬೆಳ್ಳಿ, ಬಂಗಾರ, ಧನ, ಧಾನ್ಯ ಮೊದಲಾದವುಗಳಿಗೆ ತಾನೇ ಒಂದು ಎಲ್ಲೆಯನ್ನು ಹಾಕಿಕೊಂಡು, ಅದಕ್ಕಿಂತ ಹೆಚ್ಚಿನದನ್ನು ಬಯಸದಿರುವುದು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ವ್ರತಕ್ಕೆ ಐದು ಅತಿಚಾರಗಳನ್ನು ಎಣಿಸಿದ್ದಾರೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ ಮತ್ತು ಅತಿಭಾರವಹನ. ಇವುಗಳಲ್ಲಿ ನಡುವಿನ ಮೂರು ಇಂದಿನ ಹಣ ಹೂಡುವವನಿಗೆಂದೇ ಹೇಳಿದಂತಿವೆ. ಹೆಚ್ಚಿನ ಲಾಭದಾಸೆಯಿಂದ ಅಗತ್ಯಕ್ಕಿಂತ ಹೆಚ್ಚು ಕೂಡಿಹಾಕುವುದು ಅತಿಸಂಗ್ರಹ. ಪರರಿಗೆ ಬಂದ ಲಾಭವನ್ನು ಕಂಡು ಬೆರಗಾಗಿ ಒಳಗೊಳಗೇ ಕುದಿಯುವುದು ವಿಸ್ಮಯ. ಬಂದದ್ದು ಸಾಲದೆಂದು ಮತ್ತೂ ಬಯಸುವುದು ಲೋಭ. ನೆರೆಮನೆಯವನ ಷೇರು ಇಮ್ಮಡಿಯಾಯಿತೆಂದು ಕೇಳಿ ನಿದ್ರೆಗೆಟ್ಟವನು ಒಂದು ಪೈಸೆಯನ್ನೂ ಗಳಿಸದೆಯೇ ವ್ರತವನ್ನು ಮಲಿನಗೊಳಿಸಿಕೊಂಡಿರುತ್ತಾನೆ.

ಎಂಟನೆಯ ಮೆಟ್ಟಿಲು

ಇಷ್ಟರಿಂದ ಅತಿಯಾದ ಸಂಗ್ರಹವು ದೋಷವೆಂದು ತಿಳಿಯಿತು; ಮಿತವಾದ ಸಂಗ್ರಹವು ಕೇವಲ ಕ್ಷಮ್ಯವೋ ಅಥವಾ ಅವಶ್ಯವೋ ಎಂಬುದು ತಿಳಿಯಲಿಲ್ಲ. ಇದಕ್ಕೆ ಉತ್ತರವು ಶ್ರಾವಕನ ಹನ್ನೊಂದು ಪ್ರತಿಮೆಗಳ ಕ್ರಮದಲ್ಲಿಯೇ ಅಡಗಿದೆ.

ದರ್ಶನ, ವ್ರತ, ಸಾಮಾಯಿಕಗಳಿಂದ ಮೊದಲಾಗಿ ಮೇಲೇರುವ ಈ ಮೆಟ್ಟಿಲುಗಳಲ್ಲಿ ಎಂಟನೆಯದು ಆರಂಭತ್ಯಾಗ. ದಿಗಂಬರ ಪರಂಪರೆಯ ಎಣಿಕೆಯಂತೆ ಒಂಬತ್ತನೆಯದು ಪರಿಗ್ರಹತ್ಯಾಗ. ಹಿಂಸೆಗೆ ಕಾರಣವಾಗುವ ಸೇವೆ, ಕೃಷಿ, ವಾಣಿಜ್ಯಗಳಿಂದ ಹಿಂದೆ ಸರಿಯುವವನೇ ಆರಂಭತ್ಯಾಗಿ ಎಂದು ಸಮಂತಭದ್ರರು ಹೇಳುತ್ತಾರೆ. ಇಂದಿನ ಮಾತಿನಲ್ಲಿ ಹೇಳುವುದಾದರೆ ಇದೇ ನಿವೃತ್ತಿ. ಗಮನಿಸಬೇಕಾದ ಸಂಗತಿಯೆಂದರೆ, ಗಳಿಕೆಯನ್ನು ಬಿಡುವುದು ಎಂಟನೆಯ ಮೆಟ್ಟಿಲಿನಲ್ಲಿ, ಗಳಿಸಿಟ್ಟದ್ದನ್ನು ಬಿಡುವುದು ಒಂಬತ್ತನೆಯದರಲ್ಲಿ. ಈ ಎರಡರ ನಡುವೆ ಶ್ರಾವಕನು ದುಡಿಯುವುದಿಲ್ಲ, ಆದರೆ ಉಣ್ಣುತ್ತಾನೆ. ಅವನು ಉಣ್ಣುವುದು ಹಿಂದೆ ಕಟ್ಟಿಟ್ಟ ಬುತ್ತಿಯನ್ನು. ಬುತ್ತಿಯೇ ಇಲ್ಲದವನು ಎಪ್ಪತ್ತರಲ್ಲಿಯೂ ತಕ್ಕಡಿಯನ್ನು ಹಿಡಿದೇ ಕುಳಿತಿರಬೇಕಾಗುತ್ತದೆ. ಮನಸ್ಸಿದ್ದರೂ ಅವನು ಎಂಟನೆಯ ಮೆಟ್ಟಿಲನ್ನು ಏರಲಾರ.

ಆದುದರಿಂದ ವೃದ್ಧಾಪ್ಯದ ಮಿತ ಉಳಿತಾಯವು ಕೇವಲ ಕ್ಷಮಿಸತಕ್ಕ ದೋಷವಲ್ಲ. ಅದು ತ್ಯಾಗಕ್ಕೆ ಹಾಸಿದ ಕಲ್ಲು.

ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಬರುವ ವಾಣಿಜ್ಯಗ್ರಾಮದ ಆನಂದ ಶ್ರಾವಕನ ಬಾಳು ಇದಕ್ಕೆ ನಿದರ್ಶನ. ಅವನ ನಾಲ್ಕು ಕೋಟಿ ಹಿರಣ್ಯವು ನಿಧಿಯಾಗಿ ಸುರಕ್ಷಿತವಾಗಿತ್ತು, ನಾಲ್ಕು ಕೋಟಿ ವೃದ್ಧಿಗಾಗಿ ವ್ಯವಹಾರದಲ್ಲಿತ್ತು, ನಾಲ್ಕು ಕೋಟಿ ಮನೆವಾರ್ತೆಯ ಸಾಮಗ್ರಿಯಲ್ಲಿತ್ತು. ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ಅವನು ಆ ಸಂಪತ್ತನ್ನು ಎಸೆಯಲಿಲ್ಲ. ‘ಇದಕ್ಕಿಂತ ಹೆಚ್ಚಿಲ್ಲ’ ಎಂದು ಎಲ್ಲೆ ಹಾಕಿದನು. ಹದಿನಾಲ್ಕು ವರ್ಷ ಶ್ರಾವಕವ್ರತಗಳನ್ನು ಪಾಲಿಸಿ, ಹದಿನೈದನೆಯ ವರ್ಷದಲ್ಲಿ ಮನೆಯ ಭಾರವನ್ನು ಹಿರಿಯ ಮಗನಿಗೆ ಒಪ್ಪಿಸಿ ಪೌಷಧಶಾಲೆಯನ್ನು ಸೇರಿದನು. ರಕ್ಷಣೆಗೆ ಒಂದು ಪಾಲು, ಬೆಳವಣಿಗೆಗೆ ಒಂದು ಪಾಲು, ಬಳಕೆಗೆ ಒಂದು ಪಾಲು. ಎಲ್ಲಕ್ಕೂ ಮೇಲೆ ಒಂದು ಮಿತಿ. ಕೊನೆಗೆ ಒಂದು ನಿರ್ಗಮನ. ಇದಕ್ಕಿಂತ ಸರಳವಾದ ಯೋಜನೆಯನ್ನು ಇಂದಿನ ಯಾವ ಹಣಕಾಸಿನ ಸಲಹೆಗಾರನೂ ಹೇಳಲಾರ.

ಹಗೇವಿನ ನೀತಿ

ಬಿಜಾಪುರ ಸೀಮೆಯ ಹಿರಿಯರಿಗೆ ಈ ನೀತಿಯು ಶಾಸ್ತ್ರವನ್ನು ಓದದೆಯೂ ತಿಳಿದಿತ್ತು. ಮಳೆಯನ್ನು ನೆಚ್ಚಿ ಬಾಳಲಾಗದ ಈ ನಾಡಿನಲ್ಲಿ ಜೋಳವನ್ನು ನೆಲದೊಳಗಿನ ಹಗೇವಿನಲ್ಲಿ ತುಂಬಿಡುತ್ತಿದ್ದರು. 1876–78ರ ಘೋರ ಬರವನ್ನು ಕಂಡ ಸೀಮೆಯಿದು. ಕೂಡಿಡುವುದು ಇಲ್ಲಿ ಆಸೆಯ ಮಾತಾಗಿರಲಿಲ್ಲ, ಜೀವ ಉಳಿಸಿಕೊಳ್ಳುವ ಮಾತಾಗಿತ್ತು. ಆದರೆ ಹಗೇವಿಗೆ ಒಂದು ತಳವಿದೆ, ಒಂದು ಬಾಯಿದೆ; ತುಂಬಿದ ಮೇಲೆ ಮುಚ್ಚಲೇಬೇಕು. ಬಹುಕಾಲ ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ವಿಷವಾಗುತ್ತದೆಂದು ಬಲ್ಲವರು, ಬಾಯಿ ತೆರೆದು ಸಾಕಷ್ಟು ಹೊತ್ತು ಬಿಡದೆ ಒಳಗಿಳಿಯುತ್ತಿರಲಿಲ್ಲ. ಧನದ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ಆಪತ್ತಿಗೆ ತೆರೆಯದ, ದಾನಕ್ಕೆ ತೆರೆಯದ ಸಂಗ್ರಹವು ಕಡೆಗೆ ಇಟ್ಟವನನ್ನೇ ಉಸಿರುಗಟ್ಟಿಸುತ್ತದೆ.

ಮೂವರು ಅವಿವೇಕಿಗಳು

ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಕಾಲದಲ್ಲಿ ಬಾಳಿದ ಸೋಮದೇವಸೂರಿಗಳು ನೀತಿವಾಕ್ಯಾಮೃತದಲ್ಲಿ ಧನದ ಬಗ್ಗೆ ವಿಚಾರ ಮಾಡುತ್ತ, ಇಲ್ಲದ್ದನ್ನು ಪಡೆಯುವುದು, ಪಡೆದುದನ್ನು ಕಾಯುವುದು, ಕಾಯ್ದುದನ್ನು ಬೆಳೆಸುವುದು ಎಂಬ ಮೂರು ಕರ್ತವ್ಯಗಳನ್ನು ಹೇಳಿದ್ದಾರೆ. ಅದರೊಂದಿಗೆ ಕೇಡಿಗೆ ಗುರಿಯಾಗುವ ಮೂವರನ್ನೂ ಹೆಸರಿಸಿದ್ದಾರೆ. ಬಂದುದನ್ನೆಲ್ಲ ಹಿಂದುಮುಂದು ನೋಡದೆ ವೆಚ್ಚಮಾಡುವವನು ತಾದಾತ್ವಿಕ. ತಂದೆ ಅಜ್ಜಂದಿರ ಗಳಿಕೆಯನ್ನು ಅನ್ಯಾಯವಾಗಿ ತಿಂದು ಮುಗಿಸುವವನು ಮೂಲಹರ. ಸೇವಕರನ್ನೂ ತನ್ನನ್ನೂ ಪೀಡಿಸಿಕೊಂಡು ಕೂಡಿಹಾಕುವವನು ಕದರ್ಯ.

ಮೊದಲಿಬ್ಬರನ್ನು ಲೋಕವೇ ಗುರುತಿಸುತ್ತದೆ. ಸಾಲ ಮಾಡಿ ಮದುವೆಯ ಊಟಕ್ಕೆ ನಲವತ್ತು ಬಗೆ ಬಡಿಸುವವನು ತಾದಾತ್ವಿಕನೆಂದೂ, ಅಜ್ಜನ ಅಂಗಡಿಯನ್ನು ಮಾರಿ ವಾಯಿದೆ ವ್ಯಾಪಾರದಲ್ಲಿ ಕಳೆಯುವವನು ಮೂಲಹರನೆಂದೂ ಎಲ್ಲರೂ ಬಲ್ಲರು. ಮೂರನೆಯವನು ಮಾತ್ರ ಸಮಾಜದಲ್ಲಿ ಗೌರವದಿಂದಲೇ ಇರುತ್ತಾನೆ. ಅವನನ್ನು ಜನರು ‘ಮಿತವ್ಯಯಿ’ ಎನ್ನುತ್ತಾರೆ. ಆತನ ಉಳಿತಾಯದಲ್ಲಿ ಸೇವಕನ ಪಾಲೆಷ್ಟು ಎಂದು ಯಾರೂ ಕೇಳುವುದಿಲ್ಲ.

ವಿಜಯಪುರದ ಜೋರಾಪುರ ಪೇಟೆಯಂತಹ ಹಳೆಯ ಪೇಟೆಯಲ್ಲಿ ಒಂದು ಅಂಗಡಿಯನ್ನು ಊಹಿಸಿಕೊಳ್ಳಬಹುದು. ಸಾವುಕಾರರು ಧರ್ಮಿಷ್ಠರು, ಸೂರ್ಯಾಸ್ತದ ಬಳಿಕ ಉಣ್ಣುವವರಲ್ಲ, ಬಸದಿಯ ಜೀರ್ಣೋದ್ಧಾರಕ್ಕೆ ಕೈಬಿಚ್ಚಿ ಕೊಟ್ಟವರು. ಅಂಗಡಿಯಲ್ಲಿ ಐದಾರು ಮಂದಿ ದುಡಿಯುತ್ತಾರೆ. ಅವರಲ್ಲಿ ಗುಮಾಸ್ತನೊಬ್ಬನು ಇಪ್ಪತ್ತೆಂಟನೆಯ ವಯಸ್ಸಿಗೆ ಬಂದವನು, ಈಗ ಅರವತ್ತು ದಾಟಿದ್ದಾನೆ. ಕಣ್ಣು ಮಂಜಾಗಿದೆ, ಕಿರ್ದಿಯ ಅಂಕಿಗಳು ತಪ್ಪುತ್ತಿವೆ. ಸಾವುಕಾರರು ಅವನ ಮಗಳ ಮದುವೆಗೆ ಕೈಗಡ ಕೊಟ್ಟಿದ್ದಾರೆ, ಆಸ್ಪತ್ರೆಗೆ ನೆರವಾಗಿದ್ದಾರೆ; ನಿರ್ದಯರೆಂದು ಯಾರೂ ಅನ್ನಲಾರರು. ಆದರೆ ಮೂವತ್ತೆರಡು ವರ್ಷಗಳಲ್ಲಿ ಅವನ ಹೆಸರಿನಲ್ಲಿ ಒಂದು ರೂಪಾಯಿಯೂ ಕೂಡಿಲ್ಲ. ಕೆಲಸ ಬಿಟ್ಟರೆ ಮರುದಿನ ಒಲೆ ಹೊತ್ತುವುದಿಲ್ಲ. ಅವನು ಪ್ರತಿ ಬಾರಿಯೂ ಕೈಚಾಚಬೇಕು. ಸಾವುಕಾರರು ಪ್ರತಿ ಬಾರಿಯೂ ದಾನಿಗಳಾಗಬೇಕು.

ಇಲ್ಲಿ ಕಾನೂನು ಮುರಿದಿಲ್ಲ. ಭವಿಷ್ಯನಿಧಿಯ ವ್ಯವಸ್ಥೆಯು 1952ರಿಂದ ದೇಶದಲ್ಲಿದ್ದರೂ ಅದು ಸಾಮಾನ್ಯವಾಗಿ ಇಪ್ಪತ್ತು ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳಿಗೆ ಕಡ್ಡಾಯ. ಪೇಟೆಯ ಸಣ್ಣ ಅಂಗಡಿಗಳು ಆ ಎಲ್ಲೆಯ ಹೊರಗಿವೆ. ಕಾನೂನು ಸುಮ್ಮನಿರುವ ಎಡೆಯಲ್ಲಿಯೇ ಧರ್ಮವು ಮಾತನಾಡಬೇಕು. ಪರರ ದಾನ, ಲಾಭ, ಭೋಗ, ಉಪಭೋಗ, ವೀರ್ಯಗಳಿಗೆ ವಿಘ್ನವನ್ನುಂಟುಮಾಡುವುದರಿಂದ ಅಂತರಾಯ ಕರ್ಮದ ಆಸ್ರವವಾಗುತ್ತದೆ ಎಂಬುದು ಕರ್ಮಸಿದ್ಧಾಂತ. ಎಂಟನೆಯ ಮೆಟ್ಟಿಲಿಗೆ ಬುತ್ತಿ ಬೇಕೆಂದಾದರೆ, ಬುತ್ತಿ ಕಟ್ಟಿಕೊಳ್ಳಲಾಗದಷ್ಟು ವೇತನದಲ್ಲಿ ಒಬ್ಬನನ್ನು ಮೂವತ್ತೆರಡು ವರ್ಷ ದುಡಿಸುವುದು ಅವನ ವಿಶ್ರಾಂತಿಗೆ ಮಾತ್ರವಲ್ಲ, ಅವನ ಧರ್ಮಸಾಧನೆಗೂ ವಿಘ್ನವಾಗದೇ? ಅವನು ಜೈನನಿರಲಿ, ಅಲ್ಲದಿರಲಿ. ಮುಪ್ಪಿನಲ್ಲಿ ದೇವರ ನೆನೆಯಲು ಬಿಡುವು ಎಲ್ಲರಿಗೂ ಬೇಕು.

ಲೆಕ್ಕ

ಈ ಕರ್ತವ್ಯವು ಎಷ್ಟು ದುಬಾರಿ ಎಂಬುದನ್ನೂ ನೋಡಬೇಕು. ಸಾವುಕಾರರು ತಿಂಗಳಿಗೆ 500 ರೂಪಾಯಿ, ಗುಮಾಸ್ತನು 500 ರೂಪಾಯಿ ಹಾಕಿದರೆ ವರ್ಷಕ್ಕೆ 12,000 ಆಗುತ್ತದೆ. ವರ್ಷಾಂತ್ಯಕ್ಕೊಮ್ಮೆ ಇಟ್ಟು ಶೇಕಡಾ 7ರ ಚಕ್ರಬಡ್ಡಿಯಲ್ಲಿ ಎಣಿಸಿದರೆ ಹದಿನೈದು ವರ್ಷಕ್ಕೆ ಸುಮಾರು 3 ಲಕ್ಷ. ಮೂವತ್ತು ವರ್ಷಕ್ಕೆ 6 ಲಕ್ಷವಲ್ಲ, 11 ಲಕ್ಷ 33 ಸಾವಿರ. ಚಕ್ರಬಡ್ಡಿಯಲ್ಲಿ ಫಲ ಕೊಡುವುದು ಜಾಣತನಕ್ಕಿಂತ ಹೆಚ್ಚಾಗಿ ಕಾಲ. ಬೇಗ ಆರಂಭಿಸಿದ ಸಾಮಾನ್ಯನು ತಡವಾಗಿ ಆರಂಭಿಸಿದ ಬುದ್ಧಿವಂತನನ್ನು ಹಿಂದೆ ಹಾಕುತ್ತಾನೆ.

ಆದರೆ ಲೆಕ್ಕದ ಇನ್ನೊಂದು ಮುಖವನ್ನು ಮುಚ್ಚಿಡಬಾರದು. ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಆ 11 ಲಕ್ಷಕ್ಕೆ ಮೂವತ್ತು ವರ್ಷಗಳ ಬಳಿಕ ಇಂದಿನ 2 ಲಕ್ಷದಷ್ಟೂ ಕೊಳ್ಳುವ ಶಕ್ತಿ ಉಳಿಯುವುದಿಲ್ಲ. ಪರಿಹಾರವೆಂದರೆ ವೇತನದೊಂದಿಗೆ ಉಳಿತಾಯವನ್ನೂ ಏರಿಸುವುದು. ವರ್ಷಕ್ಕೆ ಶೇಕಡಾ 6ರಂತೆ ಏರಿಸುತ್ತ ಹೋದರೆ ಅದೇ ಮೂವತ್ತು ವರ್ಷಗಳಲ್ಲಿ 22 ಲಕ್ಷ ದಾಟುತ್ತದೆ. ಅದೂ ಪೂರ್ಣ ಬುತ್ತಿಯಲ್ಲ. ಆದರೆ ಕೈಚಾಚುವ ಬಾಳಿಗೂ ತಲೆಯೆತ್ತಿದ ಬಾಳಿಗೂ ನಡುವಿನ ಅಂತರ ಅಷ್ಟರಲ್ಲಿಯೇ ಇರಬಹುದು.

ಇದೇ ಬೆಲೆಯೇರಿಕೆಯು ವ್ರತಿಕನಿಗೂ ಒಂದು ಸಮಸ್ಯೆಯನ್ನು ಒಡ್ಡುತ್ತದೆ. ಮೂವತ್ತು ವರ್ಷಗಳ ಹಿಂದೆ ‘ಐದು ಲಕ್ಷ ರೂಪಾಯಿಗೆ ಮೇಲಿಲ್ಲ’ ಎಂದು ವ್ರತ ತೊಟ್ಟವನಿಗೆ ಇಂದು ಆ ಹಣ ಒಂದು ಶಸ್ತ್ರಚಿಕಿತ್ಸೆಗೂ ಸಾಲದೆ ಹೋಗಬಹುದು. ವ್ರತವನ್ನು ಮುರಿಯಬೇಕೇ? ಎಲ್ಲೆಯನ್ನು ಮನಬಂದಂತೆ ಹಿಗ್ಗಿಸುವುದು ವ್ರತಭಂಗವೇ ಸರಿ. ಆದರೆ ಹೊಸತಾಗಿ ವ್ರತ ತೊಡುವವರು ರೂಪಾಯಿಯ ಸಂಖ್ಯೆಯಲ್ಲಿ ಎಣಿಸದೆ, ‘ಒಂದು ಮನೆ, ಇಷ್ಟು ತೊಲ ಬಂಗಾರ, ಸಂಸಾರದ ಇಷ್ಟು ವರ್ಷಗಳ ಸಾದಾ ಖರ್ಚು’ ಎಂದು ಅವಶ್ಯಕತೆಯಲ್ಲಿ ಎಣಿಸುವುದು ವಿವೇಕ. ಶಾಸ್ತ್ರವು ಧಾನ್ಯವನ್ನೂ ಮನೆಯನ್ನೂ ಹೆಸರಿಸಿ ಪರಿಮಾಣ ಹಾಕಲು ಹೇಳಿದುದರಲ್ಲಿ ಈ ವಿವೇಕವಿದೆ. ಈ ಎಲ್ಲೆಯನ್ನು ಗಳಿಕೆಯ ಉಚ್ಛ್ರಾಯದ ದಿನಗಳಿಗೆ ಮೊದಲೇ ಬರೆದಿಡಬೇಕು. ಲಾಭ ಬಂದ ಮೇಲೆ ಬರೆಯುವ ಎಲ್ಲೆಯು ಲಾಭದ ಹಿಂದೆಯೇ ಓಡುತ್ತದೆ.

ಎಲ್ಲಿ ಇಡಬೇಕು

ಸಾಮಾನ್ಯರಿಗೆ ದಾರಿಗಳು ಹಲವು ಬೇಕಿಲ್ಲ. 1968ರಲ್ಲಿ ಆರಂಭವಾದ ಸಾರ್ವಜನಿಕ ಭವಿಷ್ಯನಿಧಿಯನ್ನು ಅಂಚೆ ಕಚೇರಿಯಲ್ಲಿಯೂ ಬ್ಯಾಂಕಿನಲ್ಲಿಯೂ ತೆರೆಯಬಹುದು. ವರ್ಷಕ್ಕೆ ಕನಿಷ್ಠ 500 ರೂಪಾಯಿ, ಅವಧಿ ಹದಿನೈದು ವರ್ಷ, ಬಳಿಕ ಐದೈದು ವರ್ಷ ಮುಂದುವರಿಸಬಹುದು. ಇದರ ಬಡ್ಡಿಯನ್ನು ಸರ್ಕಾರವು ಮೂರು ತಿಂಗಳಿಗೊಮ್ಮೆ ಪರಾಮರ್ಶಿಸುತ್ತದೆ. 2020ರ ಏಪ್ರಿಲ್‌ನಲ್ಲಿ ಅದು ಶೇಕಡಾ 7.1ಕ್ಕೆ ನಿಗದಿಯಾಯಿತು. ತಿಕೋಟಾ, ಬಬಲೇಶ್ವರದ ದ್ರಾಕ್ಷಿ ಬೆಳೆಗಾರರಂತೆ ಒಣದ್ರಾಕ್ಷಿಯ ಹಣವನ್ನು ವರ್ಷಕ್ಕೊಮ್ಮೆ ಕಾಣುವವರಿಗೆ ಇದು ಅನುಕೂಲ. ಪ್ರತಿ ತಿಂಗಳು ಕಟ್ಟಬೇಕೆಂಬ ನಿರ್ಬಂಧವಿಲ್ಲ. ಆದಾಯ ತೆರಿಗೆ ಕಟ್ಟದ, ಹದಿನೆಂಟರಿಂದ ನಲವತ್ತು ವಯಸ್ಸಿನ ಕೆಲಸಗಾರರಿಗೆ 2015ರ ಅಟಲ್ ಪಿಂಚಣಿ ಯೋಜನೆಯಿದೆ; ಹದಿನೆಂಟರಲ್ಲಿ ಸೇರಿದವನು ತಿಂಗಳಿಗೆ 210 ರೂಪಾಯಿ ಕಟ್ಟಿದರೆ ಅರವತ್ತರಿಂದ 5,000 ರೂಪಾಯಿ ಪಿಂಚಣಿ. ಅದೇ ಪಿಂಚಣಿಗೆ ನಲವತ್ತರಲ್ಲಿ ಸೇರಿದವನು 1,454 ರೂಪಾಯಿ ಕಟ್ಟಬೇಕು. ತಡಮಾಡಿದ್ದರ ಬೆಲೆ ಈ ಎರಡು ಅಂಕಿಗಳಲ್ಲಿಯೇ ಇದೆ. ಅರವತ್ತು ದಾಟಿದವರಿಗೆ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯು ಮೂರು ತಿಂಗಳಿಗೊಮ್ಮೆ ಬಡ್ಡಿ ಕೊಡುತ್ತದೆ.

ಗದಗ ಸಮೀಪದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರ ಸಂಘವನ್ನು ಕಟ್ಟಿದ ನಾಡು ಇದು. ಇಲ್ಲಿಯ ಜನರಿಗೆ ಪತ್ತಿನ ಸಂಘಗಳ ಮೇಲೆ ಸಹಜವಾಗಿಯೇ ಪ್ರೀತಿ. ಆದರೂ ಒಂದು ಭೇದವನ್ನು ತಿಳಿದಿರಬೇಕು. ಬ್ಯಾಂಕುಗಳಲ್ಲಿ, ಸಹಕಾರಿ ಬ್ಯಾಂಕುಗಳಲ್ಲಿಯೂ ಸಹ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ಠೇವಣಿ ವಿಮೆಯಿದೆ. ಈ ಮೊತ್ತವನ್ನು 2020ರ ಫೆಬ್ರುವರಿಯಲ್ಲಿ ಒಂದು ಲಕ್ಷದಿಂದ ಏರಿಸಲಾಯಿತು. ಪತ್ತಿನ ಸಹಕಾರಿ ಸಂಘಗಳಿಗೂ ಸೌಹಾರ್ದ ಪತ್ತಿನ ಸಂಘಗಳಿಗೂ ಈ ವಿಮೆಯಿಲ್ಲ. ಶೇಕಡಾ ಒಂದೆರಡು ಹೆಚ್ಚಿನ ಬಡ್ಡಿಗಾಗಿ ಇಡೀ ಮುಪ್ಪಿನ ಗಂಟನ್ನು ಒಂದೇ ಕಡೆ ಇಡುವುದು ಸಾಹಸವೇ ಹೊರತು ಉಳಿತಾಯವಲ್ಲ. ‘ಮೂರು ವರ್ಷದಲ್ಲಿ ಇಮ್ಮಡಿ’ ಎಂಬುವವನು ವರ್ಷಕ್ಕೆ ಶೇಕಡಾ 26ರಷ್ಟು ಬಡ್ಡಿಯನ್ನು ವಾಗ್ದಾನ ಮಾಡುತ್ತಿರುತ್ತಾನೆ. ಅಷ್ಟನ್ನು ಯಾವ ನ್ಯಾಯವಾದ ವ್ಯಾಪಾರದಿಂದ ತರುವನೆಂದು ಕೇಳುವುದೇ ವರ್ತಕನ ಮೊದಲ ಧರ್ಮ.

ಷೇರು ಪೇಟೆಯ ವಿಷಯದಲ್ಲಿ ಎರಡು ಮಾತುಗಳು ಸಾಕು. ದೀರ್ಘಕಾಲದಲ್ಲಿ ಬೆಲೆಯೇರಿಕೆಯನ್ನು ಮೀರುವ ಸಂಭವವು ಅಲ್ಲಿ ಹೆಚ್ಚು. ಸೆನ್ಸೆಕ್ಸ್ ಅಥವಾ ನಿಫ್ಟಿಯ ಎಲ್ಲ ಕಂಪನಿಗಳನ್ನೂ ಅಳತೆಗೆ ತಕ್ಕಂತೆ ಕೊಳ್ಳುವ, ಕಡಿಮೆ ವೆಚ್ಚದ ಸೂಚ್ಯಂಕ ನಿಧಿಯು ಸಾಮಾನ್ಯನಿಗೆ ಸರಳ ಮಾರ್ಗ. ವೆಚ್ಚವೂ ಸಣ್ಣ ಮಾತಲ್ಲ: ಒಂದು ಲಕ್ಷವು ಶೇಕಡಾ 10ರಂತೆ ಮೂವತ್ತು ವರ್ಷಕ್ಕೆ ಹದಿನೇಳೂವರೆ ಲಕ್ಷದ ಸಮೀಪ ಬಂದರೆ, ಶೇಕಡಾ 9ರಂತೆ ಹದಿಮೂರು ಲಕ್ಷದ ಸುಮಾರಿಗೇ ನಿಲ್ಲುತ್ತದೆ. ಆದರೆ 2008ರ ಜನವರಿಯಲ್ಲಿ 21,000 ದಾಟಿದ್ದ ಸೆನ್ಸೆಕ್ಸ್ ಅದೇ ಅಕ್ಟೋಬರದಲ್ಲಿ 9,000ಕ್ಕಿಂತ ಕೆಳಗಿಳಿದಿತ್ತು ಎಂಬುದನ್ನು ಮರೆಯಲಾಗದು. ಹತ್ತಾರು ವರ್ಷ ಮುಟ್ಟಬೇಕಿಲ್ಲದ ಪಾಲನ್ನು ಮಾತ್ರ ಅಲ್ಲಿಡಬೇಕು. ಅಂತಹ ದಿನಗಳಲ್ಲಿ ಸಾಮಾಯಿಕದಲ್ಲಿ ಕಲಿತ ಸಮಭಾವವು ಯಾವ ಸಲಹೆಗಿಂತಲೂ ಉಪಕಾರಿ.

ಎರಡನೆಯ ಮಾತು ಅಹಿಂಸೆಯದು. ಎಲ್ಲ ಕಂಪನಿಗಳ ಪಾಲನ್ನು ಕೊಳ್ಳುವವನು ಕೆಲವೊಮ್ಮೆ ತಂಬಾಕಿನಂತಹ ವ್ಯವಹಾರಕ್ಕೂ ಪಾಲುದಾರನಾಗುತ್ತಾನೆ. ಶಾಸ್ತ್ರಕಾರರು ನಿಷಿದ್ಧ ವೃತ್ತಿಗಳನ್ನು ಹದಿನೈದೆಂದು ಎಣಿಸಿದ್ದಾರೆ. ಮಾಡುವುದು, ಮಾಡಿಸುವುದು, ಒಪ್ಪುವುದು ಎಂಬ ಮೂರೂ ದ್ವಾರಗಳಿಂದ ಪಾಪವು ಬರುವುದೆಂದೂ ಹೇಳಿದ್ದಾರೆ. ಲಾಭಾಂಶವನ್ನು ಕೈಯಾರೆ ಪಡೆದು ‘ಒಪ್ಪಿಲ್ಲ’ ಎನ್ನುವುದು ಕಷ್ಟ. ಮನಸ್ಸು ಒಪ್ಪದವರು ಅಂಚೆ ಮತ್ತು ಬ್ಯಾಂಕಿನ ಠೇವಣಿಗಳಲ್ಲಿಯೇ ನಿಲ್ಲಲಿ, ಅಥವಾ ತಾವೇ ಪರಿಶೀಲಿಸಿದ ಕೆಲವೇ ಕಂಪನಿಗಳನ್ನು ಆರಿಸಲಿ. ಅದರಿಂದ ಒಂದಿಷ್ಟು ಲಾಭ ಕಡಿಮೆಯಾದರೆ ಆ ನಷ್ಟವನ್ನು ವ್ರತದ ಬೆಲೆಯೆಂದು ಬರೆದುಕೊಳ್ಳಬಹುದು. ಬೆಲೆಯೇ ಇಲ್ಲದ ವ್ರತವು ವ್ರತವಲ್ಲ.

ಟ್ರಸ್ಟುಗಳ ಹೊಣೆ

ಬಸದಿಗಳ ಟ್ರಸ್ಟುಗಳು ತಮ್ಮ ಹಣವನ್ನು ಆದಾಯ ತೆರಿಗೆ ಕಾನೂನು ಸೂಚಿಸಿದ ರೀತಿಗಳಲ್ಲಿಯೇ ಇಡಬೇಕಾಗುತ್ತದೆ. ಅದರಲ್ಲಿ ಅವು ಎಚ್ಚರದಿಂದಲೂ ಇವೆ. ಆದರೆ ಪ್ರತಿದಿನ ಬೆಳಗಿನ ಜಾವದಲ್ಲಿ ಅಭಿಷೇಕಕ್ಕೆ ನೀರು ತರುವ ಉಪಾಧ್ಯೆಯವರಿಗೆ, ಭೋಜನಶಾಲೆಯ ಅಡುಗೆಯವರಿಗೆ, ಕಸ ಗುಡಿಸುವ ತಾಯಿಗೆ ಮುಪ್ಪಿನಲ್ಲಿ ಏನಿದೆ ಎಂಬ ಪ್ರಶ್ನೆಯು ವಾರ್ಷಿಕ ಸಭೆಯ ವಿಷಯಪಟ್ಟಿಯಲ್ಲಿ ಎಷ್ಟು ಕಡೆ ಬರುತ್ತದೆ? ಶಿಖರಕ್ಕೆ ಹೊಸ ಕಲಶವನ್ನು ಏರಿಸುವ ವರ್ಷದಲ್ಲಿ ಈ ಮೂವರ ಹೆಸರಿನಲ್ಲಿ ಒಂದೊಂದು ಖಾತೆಯನ್ನು ತೆರೆದರೆ ಕಲಶದ ಕಾಂತಿಯೇನೂ ಕುಂದದು.

ದೀಪಾವಳಿಯು ಭಗವಾನ್ ಮಹಾವೀರರ ನಿರ್ವಾಣದ ದಿನ. ವರ್ತಕರು ಹೊಸ ಕಿರ್ದಿಗೆ ಪೂಜೆ ಸಲ್ಲಿಸುವ ದಿನವೂ ಹೌದು. ಎಲ್ಲವನ್ನೂ ಬಿಟ್ಟು ಹೋದವರ ಸ್ಮರಣೆಯಲ್ಲಿ ಎಲ್ಲವನ್ನೂ ಎಣಿಸುವ ಪುಸ್ತಕವನ್ನು ತೆರೆಯುವುದು ವಿಪರ್ಯಾಸವೆಂದು ಕೆಲವರಿಗೆ ತೋರಬಹುದು. ಆ ಪುಸ್ತಕದ ಮೊದಲ ಪುಟದಲ್ಲಿ ಮೂರು ಸಾಲುಗಳಿದ್ದರೆ ವಿಪರ್ಯಾಸವು ಅಳಿಯುತ್ತದೆ: ಈ ಮನೆಗೆ ಸಾಕೆಂಬ ಮಿತಿ ಇಷ್ಟು, ದುಡಿಯುವವರ ಮುಪ್ಪಿಗೆ ಈ ವರ್ಷ ಇಟ್ಟದ್ದು ಇಷ್ಟು, ಅಂಗಡಿಯನ್ನು ಮಗನ ಕೈಗೆ ಒಪ್ಪಿಸುವ ವರ್ಷ ಇಂಥದ್ದು. ಮೊದಲ ಸಾಲಿಲ್ಲದಿದ್ದರೆ ಉಳಿತಾಯವು ಪರಿಗ್ರಹ. ಎರಡನೆಯದಿಲ್ಲದಿದ್ದರೆ ಅದು ಕದರ್ಯನ ಗಂಟು. ಮೂರನೆಯದಿಲ್ಲದಿದ್ದರೆ ಬುತ್ತಿ ಕಟ್ಟಿಕೊಂಡವನು ಪ್ರಯಾಣಕ್ಕೆ ಹೊರಡಲೇ ಇಲ್ಲ ಎಂದರ್ಥ.